ಕೆಂಪು ಪಟ್ಟಿ ಬಳಿಯುತ್ತಿದ್ದ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ನಾನು ಒಬ್ಬರ ಮನೆಯ ಹೊಸ ಬಾಗಿಲಿಗೆ ಅರಗಿನ ಪಾಲಿಶ್ ಹೊಡೆಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಅರಗಿನ ಪಾಲಿಶ್ ಹೊಡೆಯುವಾಗ ನಡುವೆ ಕೈ ನಿಂತರೆ ಅಲ್ಲೊಂದು ಕಲೆ ಕೂತುಬಿಡುತ್ತದೆ. ಅವನ ಸಲುವಾಗಿ ಇನ್ನೊಬ್ಬರ ಬಾಗಿಲು ಕೆಡಿಸುವ ಮನಸ್ಸು ನನಗಿರಲಿಲ್ಲ.

ಆಮೇಲೆ ಬಂಕಾಪುರದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದರು. ಅವನ ನಗುಮುಖ, ಹಿಂದೆ ಒಂದು ದೊಡ್ಡ ಬಿಲ್ಲು, ಕೆಳಗೆ ‘ಬಾಣಬ್ರಹ್ಮ’ ಎಂಬ ಬಿರುದು. ಬದುಕಿದ್ದಾಗ ಯಾರೂ ಹಾಗೆ ಕರೆದದ್ದು ನಾನು ಕೇಳಿಲ್ಲ. ಅವನ ಹತ್ತಿರ ಕೊನೆಕೊನೆಗೆ ಕೆಲಸಕ್ಕಿದ್ದ ಇಬ್ಬರು ಶಿಗ್ಗಾವಿಯಲ್ಲಿರುವ ನನ್ನ ಶೆಡ್ಡಿಗೆ ಬಂದರು.

“ಅಣ್ಣಾರ, ಐತವಾರ ನುಡಿನಮನ ಇಟ್ಟೇವ್ರಿ. ನೀವು ಹಳೇ ಮಂದಿ. ಎರಡು ಛಲೋ ಮಾತು ಆಡ್ರಿ.”

“ಒಂದೂ ಇಲ್ಲೋ ನನ್ನ ಕಡೆ.”

“ಸತ್ತಾವ್ರ ಮ್ಯಾಲ ಎಂಥಾ ಸಿಟ್ರಿ ಅಣ್ಣಾರ?”

“ಸಿಟ್ಟಲ್ಲೋ. ಹೇಸಿಗಿ.”

ಅವರು ಮುಖ ಮುಖ ನೋಡಿಕೊಂಡು ಚಹಾ ಕುಡಿಯದೆ ಹೋದರು. ನಾನು ಏಳನೆಯ ಇಯತ್ತೆ ಮುಗಿಸದೆ ಸಾಲಿ ಬಿಟ್ಟವನು. ವೇದಿಕೆ ಹತ್ತಿ ಮಾತಾಡುವುದು ನನಗೆ ಬರುವುದಿಲ್ಲ, ಬರುವ ಮಾತು ಅಲ್ಲಿ ಒಪ್ಪುವುದೂ ಇಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಬೇಕಾಗಿಲ್ಲ. ಎದುರಿಗಿದ್ದಾಗ ‘ರೀ’ ಹಚ್ಚಿಯೇ ಮಾತಾಡಿದ್ದೇನೆ. ಇಲ್ಲಿ ಹಚ್ಚುವುದಿಲ್ಲ.

ನಾನು ಅವನಿಂದ ಬೇಡಿದ್ದು ಒಂದೇ. ಹುಲಗೂರಿನ ಒಬ್ಬ ಹುಡುಗಿಯ ಎದುರು ನಿಂತು, ‘ಆ ಬಾಣ ಸೀಳಿದ್ದುವು, ನನಗೆ ಗೊತ್ತಿತ್ತು’ ಎಂದು ಹೇಳಬೇಕಿತ್ತು. ಹೇಳದೆ ಸತ್ತ. ಉಳಿದದ್ದೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ. ಇದೊಂದು ಗಂಟಲಲ್ಲಿ ಇಳಿಯಲಿಲ್ಲ.

*

ಅವನ ಕಾರಖಾನೆ ಬಂಕಾಪುರದಲ್ಲಿ, ಹಳೆಯ ಅರಳೆ ಗೋದಾಮಿನ ಹಿಂದೆ ಇತ್ತು. ಕಾರಖಾನೆ ಅಂದರೆ ತಗಡಿನ ಎರಡು ಕೋಣೆ. ಸಾಲಿ ಕಾಲೇಜಿನ ಹುಡುಗರು ಬಿಲ್ಲುವಿದ್ಯೆಯ ಆಟದಲ್ಲಿ ಹೊಡೆಯುವ ಕಟ್ಟಿಗೆಯ ಬಾಣ ಅಲ್ಲಿ ತಯಾರಾಗುತ್ತಿದ್ದುವು. ಬಿಳಿ ಹಗುರ ಕಟ್ಟಿಗೆಯನ್ನು ದುಂಡಗೆ ಕೊರೆದು ತಂದ ಉದ್ದನೆಯ ಕಡ್ಡಿಗಳು ಒಂದು ಕೋಣೆಯಲ್ಲಿ, ಅವಕ್ಕೆ ಪಾಲಿಶ್ ಹಿಡಿಸುವ ಕೆಲಸ ಇನ್ನೊಂದರಲ್ಲಿ. ಗರಿ ಅಂಟಿಸುವುದು, ಮೊನೆ ಕೂಡಿಸುವುದು ಆಮೇಲೆ. ಪಾಲಿಶ್ ನನ್ನದು.

ಬಾಣದ ಕಡ್ಡಿಗೆ ಪಾಲಿಶ್ ಯಾಕೆ ಅಂತ ಬಹಳ ಮಂದಿ ಕೇಳುತ್ತಾರೆ. ಚಂದ ಕಾಣಲಿ ಅಂತಲ್ಲ. ಬರೀ ಕಟ್ಟಿಗೆ ಗಾಳಿಯ ಪಸೆ ಕುಡಿಯುತ್ತದೆ. ಕುಡಿದರೆ ಬಾಗುತ್ತದೆ, ಒಣಗಿದರೆ ಇನ್ನೊಂದು ಕಡೆ ಬಾಗುತ್ತದೆ. ಬಾಗಿದ ಬಾಣ ಗುರಿ ನೋಡುವುದಿಲ್ಲ. ಮೊದಲು ಕಡ್ಡಿಯನ್ನು ಪಾಲಿಶ್ ಪೇಪರಿನಿಂದ ತಿಕ್ಕಬೇಕು, ಧೂಳು ಒರೆಸಬೇಕು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಅರಿವೆಯ ಉಂಡೆಯಿಂದ ತೆಳ್ಳಗೆ ಹಚ್ಚಬೇಕು. ಒಣಗಿದ ಮೇಲೆ ಮತ್ತೆ ಹಗೂರಕ್ಕೆ ತಿಕ್ಕಬೇಕು. ಕಡೆಗೆ ವಾರ್ನಿಶ್ ತುಂಬಿ ನಿಲ್ಲಿಸಿದ ಪ್ಲಾಸ್ಟಿಕ್ ಪೈಪಿನೊಳಗೆ ಕಡ್ಡಿಯನ್ನು ಪೂರಾ ಮುಳುಗಿಸಿ ಮೇಲಕ್ಕೆತ್ತಬೇಕು. ಆ ಎತ್ತುವುದರಲ್ಲೇ ಎಲ್ಲ ಇದೆ. ಅವಸರ ಮಾಡಿದರೆ ಹನಿ ಕಟ್ಟುತ್ತದೆ, ನಡುವೆ ತಡೆದರೆ ಉಂಗುರ ಬೀಳುತ್ತದೆ. ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ಒಂದೇ ಸಮನೆ ಬರಬೇಕು. ಎತ್ತಿದ್ದನ್ನು ತಂತಿಗೆ ಬಟ್ಟೆಯ ಕ್ಲಿಪ್ಪು ಹಾಕಿ ತೂಗುಬಿಟ್ಟು, ತುದಿಯ ಹನಿಯನ್ನು ಒರೆಸಬೇಕು. ನನ್ನ ಕಡ್ಡಿಗೆ ಹನಿ ಇರುತ್ತಿರಲಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳುತ್ತೇನೆ, ಯಾಕಂದರೆ ನಿಜ. ಪಾಲಿಶ್ ಅಂದರೆ ಕಟ್ಟಿಗೆಗೆ ಹಾಕುವ ಅಂಗಿಯಲ್ಲ, ತೊಗಲು.

ಮೇಸ್ತ್ರಿಗೆ ಅದು ಅಂಗಿ. ಇಬ್ಬರ ನಡುವಿನ ಅಂತರ ಇಷ್ಟೇ. ಅದು ನನಗೆ ತಿಳಿಯಲು ತಡವಾಯಿತು.

ನೋಡಲು ಚಂದದ ಮನುಷ್ಯ. ಎತ್ತರ, ಗೋದಿಬಣ್ಣ. ಅರಗು, ವಾರ್ನಿಶ್‌ಗಳ ನಡುವೆ ದಿನಪೂರ್ತಿ ಕೂತರೂ ಅವನ ಬಿಳಿ ಧೋತರಕ್ಕೆ ಒಂದು ಕಲೆ ಬೀಳುತ್ತಿರಲಿಲ್ಲ. ನಮ್ಮ ಕೈಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದರೆ ಅವನ ಒಂದು ಹೆಬ್ಬೆರಳು ಮಾತ್ರ ಕಂದು. ಅದರ ಕಥೆಯೇ ಬೇರೆ. ಗಿರಾಕಿ ಬಂದ ಕೂಡಲೇ ಒಂದು ಕಡ್ಡಿ ಎತ್ತಿಕೊಳ್ಳುತ್ತಿದ್ದ. ತಂಬಾಕು ಹಾಕಿದ ಬಾಯೊಳಗೆ ಹೆಬ್ಬೆರಳನ್ನು ತುರುಕಿ, ಎಂಜಲು ಹಚ್ಚಿಕೊಂಡು, ಆ ಕಡ್ಡಿಯ ನಡುವೆ ಒಮ್ಮೆ ಸರ್ರನೆ ಎಳೆಯುತ್ತಿದ್ದ. ಅಲ್ಲಿ ಮಿಂಚು ಏಳುತ್ತಿತ್ತು.

“ಮುಖ ನೋಡ್ಕೋರಿ ಸರ ಇದರಾಗ. ಕನ್ನಡಿ ಯಾಕ ಬೇಕು ಮನಿಯಾಗ?”

ಗಿರಾಕಿ ನಗುತ್ತ ಆ ಎಂಜಲನ್ನೇ ಕೈಯಿಂದ ಸವರುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅದೇ ಹೆಬ್ಬೆರಳಿನಿಂದ ರೊಟ್ಟಿ ಮುರಿದು ನಮ್ಮ ತಾಟಿಗೆ ಹಾಕುತ್ತಿದ್ದ. “ತಿನ್ನೋ ತಮ್ಮಾ, ದುಡಿಯೂ ಮೈ.” ಬೇಡ ಅನ್ನಲು ಬರುತ್ತಿರಲಿಲ್ಲ. ಪ್ರೀತಿಯಿಂದ ಹಾಕುತ್ತಿದ್ದ, ಅದನ್ನೂ ಹೇಳಬೇಕು. ನಮ್ಮ ಅವ್ವ ತೀರಿಕೊಂಡಾಗ ಹಾನಗಲ್ ಕಡೆಯ ನಮ್ಮ ಊರಿಗೆ ಬಂದು, ಮಣ್ಣು ಕೊಡುವುದು ಮುಗಿಯುವ ತನಕ ಬಿಸಿಲಲ್ಲಿ ನಿಂತ. ಅದು ನೆನಪಿದೆ. ನೆನಪಿದೆ ಎಂಬುದೇ ನನಗೆ ಇನ್ನೊಂದು ಸಂಕಟ. ಪೂರಾ ಕೆಟ್ಟವನಾಗಿದ್ದರೆ ಉಗಿದು ಮರೆತುಬಿಡುತ್ತಿದ್ದೆ.

ಒಂದು ಮಳೆಗಾಲದ ಮಾತು. ಜಿಟಿಜಿಟಿ ಹಿಡಿದಿತ್ತು. ಇಂಥ ಹವೆಯಲ್ಲಿ ಅರಗು ಹಚ್ಚಿದರೆ ಪಸೆ ಒಳಗೆ ಸಿಕ್ಕಿ ಪಾಲಿಶ್ ಬೆಳ್ಳಗಾಗುತ್ತದೆ, ಬೂಷ್ಟು ಬಂದ ಹಾಗೆ. “ಇವತ್ತು ಬ್ಯಾಡ್ರಿ ಮೇಸ್ತ್ರಿ” ಅಂದೆ. “ಹಚ್ಚೋ ಲೇ, ಗಿರಾಕಿ ಬರ್ತಾರ” ಅಂದ. ಹಚ್ಚಿದೆ, ಕಡ್ಡಿಗಳೆಲ್ಲ ಬೆಳ್ಳಗಾದುವು. ಸಂಜೆ ಬಂದ ಗಿರಾಕಿ, “ಇದೇನ್ರಿ, ವಿಭೂತಿ ಬಳದಂಗ ಆಗೇತಿ?” ಅಂದ. ಮೇಸ್ತ್ರಿಯ ಮುಖದ ಒಂದು ಗೆರೆ ಅಲುಗಲಿಲ್ಲ.

“ಹಾಲಿನ ಪಾಲಿಶ್ ರೀ ಇದು. ಎಲ್ಲಾರಿಗೂ ಮಾಡಿಕೊಡಂಗಿಲ್ಲ. ನಿಮ್ಮ ಸಾಲಿ ಅಂತ ಮಾಡೇನಿ.”

ಗಿರಾಕಿ ಕೈ ಮುಗಿದು ಒಯ್ದ. ಮರುವಾರ ಇನ್ನೊಬ್ಬ ಬಂದು, “ನಮಗೂ ಹಾಲಿನ ಪಾಲಿಶ್ ಬೇಕ್ರಿ” ಅಂದ. ಹೊರಗೆ ಚುರುಚುರು ಬಿಸಿಲಿತ್ತು. ಮೇಸ್ತ್ರಿ ನನ್ನ ಕಡೆ ನೋಡಿ ಕಣ್ಣು ಹೊಡೆದ. ಆವತ್ತು ನಾನೂ ನಕ್ಕೆ. ಆಗ ಅವನ ಮೋಸ ಕಣ್ಣಿಗಷ್ಟೇ ಅಂತ ತಿಳಿದಿದ್ದೆ.

*

ಬಾಣದ ಕೆಲಸದಲ್ಲಿ ಒಂದು ನೇಮವಿದೆ. ಅದನ್ನು ನನಗೆ ಕಲಿಸಿದವನು ಅವನೇ. ಪಾಲಿಶ್‌ಗೆ ಮೊದಲು ಪ್ರತಿ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು, ಎರಡೂ ತುದಿಯಿಂದ ಸ್ವಲ್ಪ ಬಾಗಿಸಿ, ತಿರುಗಿಸಿ ಮತ್ತೆ ಬಾಗಿಸಬೇಕು. ಗಟ್ಟಿ ಕಡ್ಡಿ ಸುಮ್ಮನಿರುತ್ತದೆ. ಒಳಗೆ ಸೀಳಿದ್ದು ಚಿಟ್ ಅನ್ನುತ್ತದೆ, ಉಗುರಲ್ಲಿ ಹೇನು ಕುಕ್ಕಿದಷ್ಟೇ ಸಪ್ಪಳ. ಚಿಟ್ ಅಂದ ಕಡ್ಡಿಯನ್ನು ಆ ಕ್ಷಣವೇ ಮೊಣಕಾಲಿಗೆ ಹಚ್ಚಿ ಎರಡು ತುಂಡು ಮಾಡಬೇಕು. ಬದಿಗಿಡುವ ಹಾಗಿಲ್ಲ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಇಡಿಯಾಗಿ ಉಳಿದ ಕೆಟ್ಟ ಕಡ್ಡಿ ಯಾರದಾದರೂ ಕೈಗೆ ಹೋಗಿಯೇ ಹೋಗುತ್ತದೆ. ಸೀಳಿದ ಬಾಣವನ್ನು ಬಿಲ್ಲಿಗೆ ಹೂಡಿ ಬಿಟ್ಟರೆ ಅದು ಹಗ್ಗದ ಏಟಿಗೇ ಒಡೆಯುತ್ತದೆ. ಹಿಂದಿನ ತುಂಡು ಚೂಪಾಗಿ, ಬಿಲ್ಲು ಹಿಡಿದ ಎಡಗೈಯೊಳಗೆ ಹೊಕ್ಕು ಆಚೆ ಬರುತ್ತದೆ.

ಗಿರಾಕಿಗಳಿದ್ದಾಗ ಮೇಸ್ತ್ರಿ ಈ ನೇಮವನ್ನು ಎದ್ದು ನಿಂತು ಮಾಡುತ್ತಿದ್ದ. ಕಿವಿಗಿಟ್ಟು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ಲಟಕ್ಕನೆ ಮುರಿದು ಎಸೆಯುತ್ತಿದ್ದ. “ಬಣಿವಿ ಬಣಿವಿ ಮುರೀತೇನ್ರಿ, ಒಂದು ಹುಡುಗನ ಕೈಗಿಂತ ಹೆಚ್ಚಲ್ಲ” ಅನ್ನುತ್ತಿದ್ದ. ಪೀಟಿ ಮಾಸ್ತರರು ಮೊಬೈಲಿನಲ್ಲಿ ಅದನ್ನು ಹಿಡಿದುಕೊಳ್ಳುತ್ತಿದ್ದರು.

ಇನ್ನು ಪಟ್ಟಿಯ ಮಾತು. ಹೊಸ ಕಡ್ಡಿ ಬಂದಾಗ ತಾನೇ ಮೊದಲು ಆರಿಸಿಟ್ಟುಕೊಂಡ ಕೆಲವು ಕಡ್ಡಿಗಳ ಮೇಲೆ ಅವನು ಕೆಂಪು ಬಣ್ಣದ ಪಟ್ಟಿ ಬಳಿಯುತ್ತಿದ್ದ, ಅಂಚಿಗೆ ಹಳದಿ ಗೆರೆ. ಅದನ್ನು ಪರದೆಯ ಹಿಂದೆ ಕೂತು ತಾನೊಬ್ಬನೇ ಮಾಡುತ್ತಿದ್ದ. “ಪಟ್ಟಿ ನನ್ನದು, ನೀವ್ಯಾರೂ ಕೈ ಹಚ್ಚಬ್ಯಾಡ್ರಿ.” ಅದರ ಮೇಲಿನ ಕಡೆಯ ವಾರ್ನಿಶ್ಶೂ ಅವನದೇ. ಕಲಾಕಾರನ ಹಟ ಅಂತ ನಾವು ತಿಳಿದಿದ್ದೆವು. ಒಂದೊಂದು ಕಡ್ಡಿಗೆ ಒಂದೊಂದು ಕಡೆ ಪಟ್ಟಿ, ಒಂದರಲ್ಲಿ ಅಗಲ, ಒಂದರಲ್ಲಿ ಸಣ್ಣ. ಅದೇ ಅದರ ಚಂದ ಅಂತ ಮಂದಿ ಹೊಗಳುತ್ತಿದ್ದರು. ಸಾದಾ ಬಾಣ ಎಲ್ಲ ಹುಡುಗರಿಗೆ, ಪಟ್ಟಿಯ ಬಾಣ ಸಾಲಿಯ ಒಳ್ಳೆಯ ಬಿಲ್ಲುಗಾರನಿಗೆ ಎಂದು ಪೀಟಿ ಮಾಸ್ತರರೇ ಒಂದು ರೂಢಿ ಮಾಡಿಕೊಂಡಿದ್ದರು. ಸವಣೂರಿನಿಂದ ಹಿರೇಕೆರೂರಿನ ತನಕ, ಬತ್ತಳಿಕೆಯಲ್ಲಿ ಕೆಂಪು ಪಟ್ಟಿ ಕಂಡರೆ ಆ ಹುಡುಗ ಹುಷಾರು ಅಂತ ಅರ್ಥ.

ಹುಲಗೂರಿನ ಹುಡುಗಿಗೂ ಹಾಗೇ ಸಿಕ್ಕಿದ್ದು. ಒಕ್ಕಲುತನದ ಮನೆಯವಳು, ಸವಣೂರಿಗೆ ಕಾಲೇಜಿಗೆ ಹೋಗುತ್ತಿದ್ದಳು. ತನ್ನ ಪೀಟಿ ಮಾಸ್ತರರ ಜೊತೆ ಕಾರಖಾನೆಗೆ ಬಂದಾಗ ಎಲ್ಲರಂತೆ ಹೊಳಪು ನೋಡಲಿಲ್ಲ. ಕಡ್ಡಿಯನ್ನು ನೆಲದ ಮೇಲೆ ಉರುಳಿಸಿ ನೆಟ್ಟಗಿದೆಯೇ ಅಂತ ನೋಡಿದಳು. ನನಗೆ ಖುಷಿಯಾಯಿತು. ಹಿರೇಕೆರೂರಿನ ಮೈದಾನದಲ್ಲಿ ಆಯ್ಕೆ ಇತ್ತು. ಗೆದ್ದರೆ ಕ್ರೀಡಾ ವಸತಿ ನಿಲಯದಲ್ಲಿ ಊಟ, ಇರುವುದು, ಓದು ಎಲ್ಲ. ಗೆಲ್ಲದಿದ್ದರೆ ಮನೆಯಲ್ಲಿ ವರ ನೋಡಿಟ್ಟಿದ್ದರು, ಮುಂದಿನ ವರ್ಷಕ್ಕೆ ವಯಸ್ಸೂ ಮೀರುತ್ತಿತ್ತು. ಇದನ್ನೆಲ್ಲ ಅವಳೇ ನಗುನಗುತ್ತ ಹೇಳಿದಳು.

“ಕಾಕಾ, ಛಲೋ ಪಾಲಿಶ್ ಹಿಡಸ್ರಿ. ಹಿಂಗಾದ್ರ ಹಾಸ್ಟೆಲ್ಲು, ಹಂಗಾದ್ರ ಮದುವಿ.”

ಮೇಸ್ತ್ರಿ ಅವಳ ತಲೆ ಸವರಿ, “ನಿನಗ ಎಲ್ಲಾ ಪಟ್ಟೀವ ಕೊಡ್ತೇನವಾ” ಅಂದ.

ಕೊಟ್ಟ. ಆಯ್ಕೆಗೆ ಮೊದಲಿನ ದಿನ ಅವಳ ಮಾಸ್ತರರು ಬಂದು ಒಯ್ದರು. ಮೇಸ್ತ್ರಿ ಅದೇ ದಿನ ಯಾವುದೋ ಮದುವೆಗೆ ಹೋದ. ಪರದೆಯ ಹಿಂದೆ ಅದೇ ಪಾಳಿಯ ಕೆಲವು ಪಟ್ಟಿ ಬಳಿದ ಕಡ್ಡಿಗಳು ಉಳಿದಿದ್ದುವು. ಹೋಗುವಾಗ ಮೊಟ್ಟಮೊದಲ ಸಲ ನನಗೆ ಹೇಳಿದ: “ಅವಕ್ಕಷ್ಟು ಕಡೀ ವಾರ್ನಿಶ್ ಮುಳುಗಿಸಿ ತೂಗಬಿಡೋ.”

ಮರುದಿನ ಬೆಳಿಗ್ಗೆ ಬೇಗ ಹೋದೆ. ಪೈಪಿಗೆ ಇಳಿಸುವ ಮುಂಚೆ ಕೈ ತನ್ನ ರೂಢಿಯಂತೆ ಕಡ್ಡಿಯನ್ನು ಕಿವಿಗೆ ಒಯ್ದಿತು. ಚಿಟ್. ಇನ್ನೊಂದು ತೆಗೆದೆ, ಚಿಟ್. ಎಲ್ಲವೂ. ಬ್ಲೇಡಿನಿಂದ ಕೆಂಪು ಬಣ್ಣ ಕೆರೆದೆ. ಅಡಿಯಲ್ಲಿ ಉಗುರುದ್ದದ ಸೀಳು, ಸೀಳಿನೊಳಗೆ ಕಟ್ಟಿಗೆಯ ಪುಡಿ ಮತ್ತು ಅರಗು ಕಲಸಿ ಮೆತ್ತಿದ ಲಪ್ಪ. ಎಲ್ಲೆಲ್ಲಿ ಪಟ್ಟಿಯೋ ಅಲ್ಲಲ್ಲಿ ಸೀಳು, ಸೀಳು ದೊಡ್ಡದಿದ್ದರೆ ಪಟ್ಟಿ ಅಗಲ. ಹಾಗಾದರೆ ಗಿರಾಕಿಗಳ ಮುಂದೆ ಅವನು ಮುರಿಯುತ್ತಿದ್ದುದು ಯಾವುದನ್ನು? ಮೂಲೆಯಲ್ಲಿದ್ದ ಮುರಿದ ತುಂಡುಗಳನ್ನು ಎತ್ತಿ ನೋಡಿದೆ. ಗಂಟಿದ್ದ, ಸೊಟ್ಟಗಿದ್ದ, ಹೇಗೂ ಮಾರಲು ಬಾರದ ಕಡ್ಡಿಗಳು. ಚಂದವಿದ್ದು ಸೀಳಿದ್ದೆಲ್ಲ ಪರದೆಯ ಹಿಂದೆ ಹೋಗಿ ಸಿಂಗಾರ ಮಾಡಿಕೊಂಡು ಬರುತ್ತಿದ್ದುವು. ಊರೂರಿನ ಹುಷಾರು ಹುಡುಗರಿಗೆ ನಾವು ಆರಿಸಿ ಆರಿಸಿ ಕೊಟ್ಟದ್ದು ಇವನ್ನು.

ಕೈ ಒರೆಸಿಕೊಂಡು ಅವನಿಗೆ ಫೋನು ಹಚ್ಚಿದೆ. ಹಿಂದೆ ಬ್ಯಾಂಡಿನ ಸಪ್ಪಳ.

“ಮೇಸ್ತ್ರಿ, ಈ ಪಟ್ಟಿ ಕಡ್ಡಿ ಸೀಳ್ಯಾವ್ರಿ. ಆ ಹುಡುಗಿ ಇವತ್ತ ಹೊಡೀತಾಳ.”

“ಏನೂ ಆಗಂಗಿಲ್ಲ ಬಿಡೋ. ಪಾಲಿಶ್ ಹಿಡಕೊಂತದ.”

“ಕೈ ಹೋಗ್ತದ್ರಿ ಅಕೀದು!”

“ನೀ ಪಾಲಿಶ್ ಮಾಡಾಂವ, ಪಾಲಿಶ್ ಮಾಡ. ನಾಷ್ಟಾಕ್ಕ ಕರಿಯಾಕತ್ತಾರ, ಇಡ್ತೇನಿ.”

ಅವಳ ಮಾಸ್ತರರ ಫೋನು ಎತ್ತುವವರಿಲ್ಲ. ಅಲ್ಲಿದ್ದ ಪಟ್ಟಿ ಕಡ್ಡಿಗಳನ್ನೆಲ್ಲ ಮುರಿದು ಒಲೆಗೆ ತುರುಕಿದೆ. ನಮ್ಮ ನೇಮವೇ ಹಾಗೆ, ಕೆಟ್ಟದ್ದನ್ನು ಇಡಿಯಾಗಿ ಬಿಟ್ಟು ಕದಲಬಾರದು. ಹಾನಗಲ್ ಬಸ್ಸು ಹಿಡಿದು, ಅಲ್ಲಿಂದ ಹಿರೇಕೆರೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡ್ರೈವರ್ ಕಂಡ ಕಂಡಲ್ಲಿ ನಿಲ್ಲಿಸಿ ಗೋವಿನಜೋಳದ ಚೀಲ ಹಾಕಿಕೊಂಡ. ಅವನಿಗೆ ಬೈದೆ. “ಅರ್ಜಂಟ್ ಇದ್ರ ಕಾರ್ ಮಾಡ್ಕೊಂಡ್ ಹೋಗ್ರಿ ಸಾಹೇಬ್ರ” ಅಂದ. ಬಸ್ಸೆಲ್ಲ ನಕ್ಕಿತು.

ಮೈದಾನ ಮುಟ್ಟಿದಾಗ ಅವಳ ಗುಂಪನ್ನು ಕರೆಯುವ ಹೊತ್ತು. ಧ್ವನಿವರ್ಧಕ ಒಂದೇ ಸಮನೆ ಒದರುತ್ತಿತ್ತು. ಅವಳು ಬಿಲ್ಲು ಹಿಡಿದು ನಿಂತಿದ್ದಳು, ಬತ್ತಳಿಕೆ ತುಂಬ ಕೆಂಪು ಪಟ್ಟಿ.

“ತಂಗೀ, ಅವನ್ನ ಹೊಡೀಬ್ಯಾಡ. ಒಳಗ ಸೀಳ್ಯಾವ.”

“ಏನಂತೀರಿ ಕಾಕಾ? ನಿನ್ನೆನ ಬಂದಾವ ಇವು. ಹೊಸಾವು.”

ಒಂದನ್ನು ತೆಗೆದು ಅವಳ ಕಿವಿಯ ಹತ್ತಿರ ಬಾಗಿಸಿದೆ. ಅವಳು ಕಷ್ಟಪಟ್ಟು ಆಲಿಸಿದಳು.

“ನನಗೇನೂ ಕೇಳವಲ್ದು.”

ಆ ಗದ್ದಲದಲ್ಲಿ ಯಾರಿಗೆ ತಾನೇ ಕೇಳೀತು? ಅವಳ ಮಾಸ್ತರರು ಓಡಿ ಬಂದರು. “ಯಾರ್ರೀ ನೀವು? ಕುಡುದು ಬಂದೀರೇನು? ಹುಡುಗೀ ಹೆಸರು ಕರಿಯಾಕತ್ತಾರ, ಸರೀರಿ ಆಕಡೆ!” ಅವಳು ಗೆರೆಯ ಕಡೆ ಹೆಜ್ಜೆ ಇಟ್ಟಳು. ನನಗೆ ಇನ್ನೇನೂ ತೋಚಲಿಲ್ಲ. ಬತ್ತಳಿಕೆಗೆ ಕೈ ಹಾಕಿ ಬಾಣಗಳನ್ನೆಲ್ಲ ಎಳೆದುಕೊಂಡು ಮೊಣಕಾಲಿಗೆ ಹಚ್ಚಿ ಮುರಿದೆ. ಒಂದನ್ನೂ ಉಳಿಸಲಿಲ್ಲ.

ಅಲ್ಲಿಗೆ ನನ್ನ ಸಾಕ್ಷಿಯೂ ಮುರಿಯಿತು. ವಕೀಲನಾಗಿದ್ದರೆ ಒಂದನ್ನು ಇಡಿಯಾಗಿ ಇಟ್ಟುಕೊಳ್ಳುತ್ತಿದ್ದನೇನೋ. ಪಾಲಿಶ್ ಮಾಡುವವನ ಕೈಗೆ ಅದು ತಿಳಿಯುವುದಿಲ್ಲ. ಇದಕ್ಕೆ ನನಗೆ ನಾಚಿಕೆಯಿಲ್ಲ. ಇವತ್ತೂ ಹಾಗೇ ಮಾಡುತ್ತೇನೆ.

ಮಾಸ್ತರರು ನನ್ನ ಕೊರಳಪಟ್ಟಿ ಹಿಡಿದುಕೊಂಡೇ ಮೇಸ್ತ್ರಿಗೆ ಫೋನು ಹಚ್ಚಿದರು, ಎಲ್ಲರಿಗೂ ಕೇಳುವ ಹಾಗೆ. ಅವರ ಫೋನಿಗೆ ಅವನು ಕೂಡಲೇ ಸಿಕ್ಕ. ನಾನು ಮುರಿದ ತುಂಡಿನ ಬಾಯಲ್ಲಿದ್ದ ಲಪ್ಪ ತೋರಿಸಿದೆ. “ಇದೇನ್ರಿ ಒಳಗ ಹಳದೀದು?” ಅಂತ ಮಾಸ್ತರರು ಕೇಳಿದರು.

ಆ ಕಡೆಯಿಂದ ಬೆಲ್ಲದಂಥ ದನಿ ಬಂತು. “ಬಣ್ಣಾ ಕುಂದ್ರಲಿ ಅಂತ ಹಚ್ಚಿದ್ದು ಸರ. ಮೊಣಕಾಲಿಗೆ ಹಚ್ಚಿ ಮುರದ್ರ ಭೀಮನ ಗದಾನೂ ಮುರೀತದಲ್ರೀ. ಅಂವಾ ಸ್ವಲ್ಪ ತಲಿ ಬಿಸೀ ಮನುಷ್ಯಾ. ಹೊಡೀಬ್ಯಾಡ್ರಿ ಪಾಪ, ಬಡವ. ಹುಡುಗಿಗೆ ಏನ್ ಲುಕ್ಸಾನ ಆಗೇತಿ ನಾ ಭರಿಸ್ತೇನಿ.”

‘ಪಾಪ, ಬಡವ.’ ಕೊರಳಪಟ್ಟಿ ಹಿಡಿದದ್ದು ನೋಯಲಿಲ್ಲ. ಅದು ನೋಯಿತು. ಇವತ್ತಿಗೂ ನೋಯುತ್ತದೆ.

ಹುಡುಗಿ ಬೇರೆಯವರ ಬಾಣ ಕಡ ಪಡೆದು ಹೊಡೆದಳು. ಅವು ಅವಳ ಬಿಲ್ಲಿಗೆ ಗಿಡ್ಡ. ಮೊದಲನೆಯದು ಗುರಿಯ ಹಲಗೆಯನ್ನೇ ದಾಟಿ ಹೋಯಿತು. ಆಮೇಲಿನವೂ ನಡುವಿಗೆ ಬೀಳಲಿಲ್ಲ. ಆಯ್ಕೆಯಾದವರ ಹೆಸರು ಓದುವಾಗ ಅವಳ ಹೆಸರು ಬರಲಿಲ್ಲ. ಅವಳು ನನ್ನ ಎದುರು ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ.

“ಕೈ ಹೋಗ್ತಿತ್ತು ಅಂದ್ರಲ್ಲ ಕಾಕಾ, ಹೋದ್ರ ಹೋಗಲಿ ಬಿಡಬೇಕಿತ್ತು” ಅಂದು ಹೋದಳು. ಅಷ್ಟೇ.

ಆ ವರ್ಷವೇ ಅವಳ ಮದುವೆಯಾಯಿತು. ನಾನು ಕಡ್ಡಿ ಮುರಿಯುವ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಶಿಗ್ಗಾವಿಯ ಚಹಾದ ಅಂಗಡಿಗಳನ್ನೆಲ್ಲ ಸುತ್ತಿತು. ನಾನು ಕಾರಖಾನೆಗೆ ಮತ್ತೆ ಕಾಲಿಡಲಿಲ್ಲ. ಬಾಗಿಲು, ಮಂಚ, ತೊಟ್ಟಿಲು ಪಾಲಿಶ್ ಮಾಡಿಕೊಂಡು ತಲೆಯೆತ್ತಿ ಬದುಕಿದೆ. ಮೇಸ್ತ್ರಿಗೆ ಏನೂ ಆಗಲಿಲ್ಲ. ಪಟ್ಟಿಗೆ ಬೇಡಿಕೆ ಹೆಚ್ಚಿತು.

*

ಸಾಯುವ ಕೆಲವು ತಿಂಗಳ ಮುಂಚೆ ಅವನು ಆಟೋ ಮಾಡಿಕೊಂಡು ನನ್ನ ಶೆಡ್ಡಿಗೆ ಬಂದ. ಸೊರಗಿದ್ದ, ಧೋತರ ಮಾತ್ರ ಹಾಗೇ ಬೆಳ್ಳಗೆ. ಕೂರುವ ಮೊದಲೇ ಹೆಬ್ಬೆರಳನ್ನು ಬಾಯಿಗಿಟ್ಟು, ನಾನು ಆಗಷ್ಟೇ ಮುಗಿಸಿದ ತೊಟ್ಟಿಲ ಅಂಚಿನ ಮೇಲೆ ಎಳೆದ. ಕೂಸು ಮಲಗುವ ತೊಟ್ಟಿಲು. ನಾನು ಅರಿವೆ ತೊಯಿಸಿ ಅವನ ಕಣ್ಣೆದುರೇ ಒರೆಸಿದೆ. ಅವನಿಗೆ ತಿಳಿಯಲೇ ಇಲ್ಲ.

“ಛಲೋ ಕೈ ಐತಿ ನಿಂದು. ನನ್ನ ಕೈ ನಡಗಾಕತ್ತಾವ ತಮ್ಮಾ. ಪೈಪಿನಿಂದ ಕಡ್ಡಿ ಎತ್ತಾಕ ಆಗವಲ್ದು. ಒಂದೀಟು ಬಂದು ಎತ್ತಿಕೊಡೋ.”

“ಬರ್ತೇನ್ರಿ. ಅದಕ್ಕಿಂತ ಮೊದಲ ಹಿರೇಕೆರೂರಿಗೆ ಹೋಗೂಣು ನಡೀರಿ. ಆ ಹುಡುಗಿ ಈಗ ಅಲ್ಲೇ ಸಂಸಾರ ಮಾಡ್ಕೊಂಡ್ ಅದಾಳ. ಅಕಿ ಮುಂದ ಒಂದು ಮಾತು ಖರೇ ಹೇಳ್ರಿ.”

“ಯಾವ ಹುಡುಗಿ?”

ನಾಟಕ ಅಂದುಕೊಂಡು ಅವನ ಕಣ್ಣನ್ನೇ ನೋಡಿದೆ. ನಾಟಕವಾಗಿರಲಿಲ್ಲ. ಮರೆತಿದ್ದ. ಎಲ್ಲ ಬಿಡಿಸಿ ಹೇಳಿದೆ. ಯಾರದೋ ಊರಿನ ಕಥೆ ಕೇಳುವವನ ಹಾಗೆ ತಲೆದೂಗುತ್ತ ಕೇಳಿದ.

“ಹೌದಾ? ಅಕಿ ಕೈಗೇನರ ಆತೇನು ಹಂಗಾರ?”

“ಇಲ್ರಿ.”

“ಕಣ್ಣಿಗೆ?”

“ಇಲ್ಲ.”

“ಮತ್ತ ತಕರಾರ ಏನೈತೋ ತಮ್ಮಾ?”

ಜಗಳಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಆ ಕೈ ತೂತಾಗಿದ್ದರೆ ಅವನಿಗೆ ನೆನಪಿರುತ್ತಿತ್ತು. ನಾನು ಅದನ್ನು ಉಳಿಸಿದ್ದರಿಂದಲೇ ಅವನ ಪಾಲಿಗೆ ಏನೂ ನಡೆದೇ ಇರಲಿಲ್ಲ. “ನಿಮ್ಮ ಕಡ್ಡಿ ನೀವ ಎತ್ಕೋರಿ” ಅಂದು ತೊಟ್ಟಿಲ ಕಡೆ ತಿರುಗಿದೆ. ಅವನು ಚಹಾ ಕುಡಿದು, ಕಪ್ಪನ್ನು ನನ್ನ ಅರಗಿನ ಡಬ್ಬಿಯ ಮುಚ್ಚಳದ ಮೇಲಿಟ್ಟು ಹೋದ.

ಅವನು ಸತ್ತು, ನುಡಿನಮನವೂ ಮುಗಿದ ಮೇಲೆ, ಸಂತೆಯ ದಿನ ಹಿರೇಕೆರೂರಿಗೆ ಹೋದೆ. ಕೆಲಸವಿರಲಿಲ್ಲ, ಅವಳಿಗಾಗಿಯೇ ಹೋದೆ. ಅವಳ ಗಂಡ ಗೋವಿನಜೋಳದ ವ್ಯಾಪಾರಿಯ ಹತ್ತಿರ ತೂಕದ ಕೆಲಸದಲ್ಲಿದ್ದಾನೆ ಎಂದು ಗೊತ್ತಿತ್ತು. ಅಲ್ಲೇ ಸಿಕ್ಕಳು, ಕೈಚೀಲ ತುಂಬ ಕಾಯಿಪಲ್ಲೆ, ಸೊಂಟದ ಮೇಲೆ ಮಗಳು. ನನ್ನನ್ನು ಗುರುತಿಸಿದಳು.

“ಅಯ್ಯ ಕಾಕಾ!” ಅಂದು ಗಂಡನ ಕಡೆ ತಿರುಗಿ, “ಇವ್ರ ನೋಡ್ರಿ, ನನ್ನ ಬಾಣ ಮುರದಾವ್ರು” ಅಂದಳು. ಅವನು ನಕ್ಕ. “ಹಂಗಾರ ನಾ ಇವರ ಕಾಲು ಬೀಳಬೇಕಲ್ಲ. ಇವ್ರು ಮುರೀಲಿಲ್ಲಂದ್ರ ನೀ ಎಲ್ಲಿ ನನಗ ಸಿಗತಿದ್ದಿ!”

“ಮೇಸ್ತ್ರಿ ಹೋದ್ರಂತಲ್ರಿ” ಅಂದಳು ಆಮೇಲೆ. “ಭಾಳ ದೊಡ್ಡ ಮನಸ್ಸಿನ ಮನುಷ್ಯಾ.”

“ತಂಗೀ, ಆವತ್ತಿನ ಬಾಣ ಖರೇನ ಸೀಳಿದ್ದುವು.”

“ಇರ್ಲಿ ಬಿಡ್ರಿ ಕಾಕಾ, ಹಳೇ ಮಾತು. ನಾ ಯಾವತ್ತೋ ಮಾಫ್ ಮಾಡೇನಿ ನಿಮಗ.”

ಮಾಫಿ! ಮೈಯೆಲ್ಲ ಉರಿಯಿತು. ತಿರುಗಿ ಹೊರಟುಬಿಡುವುದರಲ್ಲಿದ್ದೆ. ಅಷ್ಟರಲ್ಲಿ ಅವಳು ಸೊಂಟದ ಮೇಲಿನ ಮಗಳನ್ನು ಕುಣಿಸುತ್ತ ಮಾತು ಮುಂದುವರಿಸಿದಳು.

“ನನ್ನ ಮದುವಿಗೆ ಬಂದು ಹೊಸಾ ಬಾಣ ಉಡುಗೊರಿ ಕೊಟ್ಟು ಹೋಗಿದ್ರು ಮೇಸ್ತ್ರಿ. ಎಲ್ಲಾ ಕೆಂಪು ಪಟ್ಟೀವು. ಒಂದೂ ಹೊಡದಿಲ್ಲ, ಹಂಗ ಇಟ್ಟೇನಿ. ಇಕಿ ದೊಡ್ಡಾಕಿ ಆದ ಮ್ಯಾಲ ಆ ಬಾಣದಿಂದನ ಇಕಿಗೆ ಕಲಸ್ತೇನಿ.”

ನಾನು ಆ ಕೂಸಿನ ಕೈ ನೋಡಿದೆ. ಒಂದು ಸವತೆಕಾಯಿಯ ಚೂರನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

“ನಿಮ್ಮ ಮನಿ ಎಲ್ಲೈತವ್ವ?” ಅಂದೆ.

ಹಾನಗಲ್ಲಿನ ಬಸ್ಸು ಬಿಟ್ಟು ಅವಳ ಹಿಂದೆ ನಡೆದೆ. ಮಧ್ಯಾಹ್ನ, ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಅವಳು ಅಟ್ಟದಿಂದ ಅರಿವೆಯಲ್ಲಿ ಸುತ್ತಿದ ಬಾಣಗಳನ್ನು ಇಳಿಸಿದಳು. ಹೊಳೆಯುತ್ತಿದ್ದುವು. ನಾನು ಒಂದನ್ನು ತೆಗೆದು ಅವಳ ಕಿವಿಯ ಹತ್ತಿರ ಹಿಡಿದು ಬಾಗಿಸಿದೆ. ಈ ಮನೆಯಲ್ಲಿ ಒದರುವ ಧ್ವನಿವರ್ಧಕ ಇರಲಿಲ್ಲ.

ಚಿಟ್. ಕೂಸನ್ನು ಕೆಳಗಿಳಿಸಿದಳು. ಇನ್ನೊಂದು ಬಾಣವನ್ನು ತಾನೇ ತೆಗೆದುಕೊಂಡು, ತಾನೇ ಕಿವಿಗೆ ಹಿಡಿದು, ಬಾಗಿಸಿದಳು. ಮತ್ತೊಂದು. ಮತ್ತೊಂದು. ಪ್ರತಿಯೊಂದನ್ನೂ ಕೇಳಿ ಮುಗಿಸಿ ನೆಲದ ಮೇಲೆ ಕೂತಳು.

“ಅವರಿಗೆ ಗೊತ್ತಿತ್ತೇನ್ರಿ ಕಾಕಾ?”

“ಪಟ್ಟಿ ಬಳದಾಂವ ಅವನ ಅಲ್ಲೇನವ್ವ.”

ಬಾಣಗಳನ್ನೆಲ್ಲ ಕೂಡಿಸಿ ನನ್ನ ಮುಂದೆ ಸರಿಸಿದಳು. ಆಮೇಲೆ, “ಮುರೀರಿ” ಅಂದಳು.

ನಾನು ಮುರಿಯಲಿಲ್ಲ. ಅವಳ ಕೈಗೆ ಕೊಟ್ಟೆ.